ಡ್ರೆಪರಿ ಕಾಕಾರ ಮೂಗು

ಕಾಕಾ ತೀರಿಹೋದ ಸುದ್ದಿ ನನಗೆ ತಲುಪಿದ್ದು ನಮ್ಮ ನಾಟಕದವರ ವಾಟ್ಸಾಪ್ ಗುಂಪಿನಲ್ಲಿ. ಯಾರೋ ಅವರ ಫೋಟೋ ಹಾಕಿ ಕೆಳಗೆ ಎರಡು ಕೈ ಜೋಡಿಸಿದ್ದರು. ಫೋಟೋದಲ್ಲಿ ಕಾಕಾ ಕರೀ ಕೋಟು ತೊಟ್ಟು, ಕೊರಳಿಗೆ ಬಿಳೀ ಪಟ್ಟಿ ಕಟ್ಟಿಕೊಂಡು, ಎದುರಿನವರಿಗೆ ಜಾಮೀನು ಸಿಗದಂತೆ ಮುಖ ಬಿಗಿದು ಕೂತಿದ್ದರು. ಅರ್ಧ ಗಂಟೆಯೊಳಗೆ ನಲವತ್ತು ಜನ ‘ವಕೀಲ ಸಾಹೇಬರಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಬರೆದರು. ಒಬ್ಬರಂತೂ ತಮ್ಮ ಹೊಲದ ದಾವೆಯನ್ನು ಸಾಹೇಬರು ಎಷ್ಟು ಚೆನ್ನಾಗಿ ನಡೆಸಿಕೊಟ್ಟರೆಂದು ನೆನೆದು ದುಃಖಪಟ್ಟರು. ಕಾಕಾ ಒಂದು ದಿನವೂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಇಚಲಕರಂಜಿಯಲ್ಲಿ ನಾಟಕದ ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿ ಅವರದು. ನಮ್ಮ ಕಡೆ ಅದಕ್ಕೆ ಡ್ರೆಪರಿ ಎನ್ನುತ್ತಾರೆ. ಆ ಕೋಟು ಕೊಲೆ ಮೊಕದ್ದಮೆಯ ನಾಟಕಗಳಿಗೆ ಹೋಗುವ ಕೋಟು. ಮನೆಯಲ್ಲಿದ್ದ ಒಂದೇ ಒಂದು ಫೋಟೋ ಅದಾಗಿತ್ತು.

ಅವರು ಬೇರೆಯವರ ಕೋಟು ತೊಟ್ಟದ್ದರಲ್ಲಿ ಹೊಸದೇನೂ ಇಲ್ಲ. ಕಾಕಾ ಸ್ವಂತಕ್ಕೆಂದು ಬಟ್ಟೆ ಹೊಲಿಸಿದ್ದನ್ನು ನಾನು ಕಂಡಿಲ್ಲ. ಯಾವ ವೇಷಕ್ಕೆ ಆ ವಾರ ಗಿರಾಕಿ ಇಲ್ಲವೋ ಅದು ಅವರ ಮೈಮೇಲೆ. ಕೆಳಗೆ ಫೌಜದಾರನ ಖಾಕಿ ಪ್ಯಾಂಟು, ಮೇಲೆ ಮಂತ್ರಿಯ ಜಾಕೀಟು, ತಲೆಗೆ ಪೈಲವಾನನ ಪಟಕಾ. ಈ ಅವತಾರದಲ್ಲಿ ಸಂತೆಗೆ ಹೋದರೆ ಬದನೆಕಾಯಿ ಮಾರುವವರು ಎದ್ದು ನಿಲ್ಲುತ್ತಿದ್ದರು. “ಅರ್ಧ ಮಂದಿ ಖಾಕಿಗೆ ಏಳ್ತಾರ, ಅರ್ಧ ಮಂದಿ ಜಾಕೀಟಿಗೆ ಏಳ್ತಾರ. ನನಗ ಯಾರೂ ಏಳೂದಿಲ್ಲ,” ಎಂದು ಅವರೇ ಹೇಳಿ ನಗುತ್ತಿದ್ದರು. ನಗು ಮುಗಿದ ಮೇಲೆ ತಪಕೀರಿನ ಡಬ್ಬಿ ತೆಗೆದು ಎರಡೂ ಹೊರಳೆಗೆ ಒಂದೊಂದು ಚಿಟಿಕೆ ನಶ್ಯ ಏರಿಸುತ್ತಿದ್ದರು. ಅಂಗಡಿಯಲ್ಲಿ ಕೂರುತ್ತಿದ್ದದ್ದು ಟ್ರಂಕಿನ ಮೇಲೆ. ಒಂದು ಕುರ್ಚಿಯೂ ಇತ್ತು, ಆದರೆ ಅದು ರಾಜನ ಕುರ್ಚಿ, ಬಾಡಿಗೆಯ ಮಾಲು.

ನಾಟಕದವರ ನಡುವೆಯೇ ಬಾಳಿದ ಈ ಮನುಷ್ಯ ನಾಟಕ ನೋಡುತ್ತಿರಲಿಲ್ಲ. ಪಾಸು ಕೊಟ್ಟರೆ ಜೇಬಿನಲ್ಲಿಟ್ಟುಕೊಂಡು ಅದರಿಂದ ಕಿವಿ ಕೆರೆದುಕೊಳ್ಳುತ್ತಿದ್ದರು. ಯಾಕೆ ಕಾಕಾ ಎಂದು ನಾನು ಒಮ್ಮೆ ಕೇಳಿದೆ.

“ಮುಸುರಿ ತಿಕ್ಕಾಕಿ ಊಟಾ ಉಂಡ ನೋಡಬೇಕೇನ ತಂಗಿ? ತಾಟ ನೋಡಿದ್ರ ತಿಳೀತೈತಿ, ಅಡಗಿ ಹೆಂಗ ಆಗಿತ್ತು ಅಂತ.”

ಅವರ ಪಾಲಿನ ತಾಟು ಎಂದರೆ ವಾಪಸ್ ಬಂದ ಬಟ್ಟೆ. ನಾಟಕದ ಮರುದಿನ ಗಂಟು ಬಂದಾಗ ಅವರ ಹೆಂಡತಿ, ನಮಗೆಲ್ಲ ಕಾಕು, ಅದನ್ನು ಬಿಚ್ಚಿ, ಗುಂಡಿ ಕಿತ್ತಿದೆಯೇ ಹೊಲಿಗೆ ಬಿಟ್ಟಿದೆಯೇ ಎಂದು ನೋಡಿ, ಒಂದೊಂದಾಗಿ ಗಂಡನ ಮುಂದೆ ಇಡುತ್ತಿದ್ದರು, ಕೆಲವು ಬಲಕ್ಕೆ, ಕೆಲವು ಎಡಕ್ಕೆ. ಕಾಕಾ ಒಂದೊಂದನ್ನೇ ಎತ್ತಿ, ಕೊರಳಪಟ್ಟಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ, ಉಸಿರು ಒಳಗೆಳೆದು ತೀರ್ಪು ಕೊಡುತ್ತಿದ್ದರು. ತೀರ್ಪುಗಳು ಎರಡೇ. “ಒಗೀಬೇಕು” ಎಂದರೆ ನಟ ಬೆವರಿದ್ದಾನೆ, ನಾಟಕ ಆಗಿದೆ ಎಂದು. “ಹಂಗ ಮಡಚಿಡ್ರಿ” ಎಂದರೆ ನಟ ಬಂದ, ನಿಂತ, ಹೋದ. ಕೊಲ್ಹಾಪುರದ ಪೇಪರಿನಲ್ಲಿ ಏನೇ ಬರೆದಿರಲಿ, ಇಚಲಕರಂಜಿಯಿಂದ ಗಡಹಿಂಗ್ಲಜದವರೆಗೆ ನಾಟಕ ಮಾಡುವವರು ಕಾದು ನಿಲ್ಲುತ್ತಿದ್ದದ್ದು ಈ ಮೂಗಿನ ಮುಂದೆ.

ಈ ಮೂಗಿನ ಬಲದಿಂದಲೇ ಕಾಕಾ ಇಡೀ ರಂಗಭೂಮಿಯನ್ನು ವಿಂಗಡಿಸಿಟ್ಟಿದ್ದರು. ಸಂಗೀತ ನಾಟಕದವರ ಬೆವರು ಕೊರಳಲ್ಲಿ, ಏಕೆಂದರೆ ಅವರ ಕೆಲಸವೆಲ್ಲ ಕೊರಳಿಂದ ಮೇಲೆ. ಕೆಳಗಿನ ಧೋತರದ ಇಸ್ತ್ರಿ ಕೂಡ ಮುರಿದಿರುವುದಿಲ್ಲ. ತಮಾಷಾ ಎಂಬ ಮರಾಠಿ ಕುಣಿತದಾಟದ ಒಂಬತ್ತು ಗಜದ ಸೀರೆಗೆ ಬೆವರು ನಡುವಿನಲ್ಲಿ. “ಆ ಸೀರಿ ಹಿಂಡಿದ್ರ ಒಂದ ಎಮ್ಮಿ ಮೈ ತೊಳೀಬಹುದು,” ಎನ್ನುವಾಗ ಅವರ ದನಿಯಲ್ಲಿ ಭಕ್ತಿ ಇರುತ್ತಿತ್ತು. ದೊಡ್ಡಾಟದ ಕೋಟಿಗೆ ಇಂಥ ಜಾಗ ಎಂಬುದಿಲ್ಲ, ಎಲ್ಲ ಕಡೆಯೂ ಬೆವರೇ. ಸೋಫಾ ಇಟ್ಟುಕೊಂಡು ಆಡುವ ಮನೆತನದ ನಾಟಕದ ಬಟ್ಟೆಗೆ ಬರೀ ಪೌಡರಿನ ವಾಸನೆ. “ಮೂರೂ ಅಂಕ ಚಾ ಕುಡಕೋತ ಕುಂದರತಾರ. ಬೆವರ ಎಲ್ಲಿಂದ ಬರಬೇಕು?” ಪ್ರಾಯೋಗಿಕ ನಾಟಕದವರ ಬಟ್ಟೆ ಮೊಣಕಾಲಿಗೂ ಕುಂಡಿಗೂ ಧೂಳು ಮೆತ್ತಿಕೊಂಡು ಬರುತ್ತಿತ್ತು. “ಇವರ ನಾಟಕಾ ಆದಮ್ಯಾಲ ಸ್ಟೇಜ್ ಕಸಾ ಹೊಡಿಯೂದ ಬ್ಯಾಡ. ಉಳ್ಳಾಡಿ ಉಳ್ಳಾಡಿ ಎಲ್ಲಾ ತಗೊಂಡ ಬಂದಿರತಾರ.” ಬೀದಿನಾಟಕದವರನ್ನು ಕಂಡರೆ ಅವರಿಗೆ ಗೌರವವೂ ಇತ್ತು, ಹೊಟ್ಟೆ ಉರಿಯೂ ಇತ್ತು. ಅವರು ಬಿಸಿಲಲ್ಲಿ ನಿಂತು ಭರಪೂರ ಬೆವರುತ್ತಾರೆ, ಆದರೆ ಸ್ವಂತ ಬಟ್ಟೆಯಲ್ಲಿ. ಇನ್ನು ಶಾಲೆಯ ಗ್ಯಾದರಿಂಗಿಗೆ ಹೋದ ಮೊಲದ ವೇಷ ಪ್ರತಿ ವರ್ಷ ಒದ್ದೆಯಾಗಿಯೇ ವಾಪಸ್ಸಾಗುತ್ತಿತ್ತು. ಕಾರಣ ಎಲ್ಲರಿಗೂ ಗೊತ್ತು. ಕಾಕಾ ಒಮ್ಮೆ ಅದಕ್ಕೂ ಮೂಗು ಹಚ್ಚಿ, ಕಣ್ಣು ಮುಚ್ಚಿ, “ಏನ ಜೀವಾ ಬಿಟ್ಟ ಪಾತ್ರಾ ಮಾಡ್ಯಾನ ಹುಡುಗಾ,” ಅಂದದ್ದನ್ನು ನಾನೇ ಕಂಡಿದ್ದೇನೆ. ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದ್ದೂ ನೆನಪಿದೆ.

ಗಡಿಯ ಗದ್ದಲ ಎದ್ದಾಗಲೂ ಅವರ ಮೂಗು ನ್ಯಾಯ ಬಿಟ್ಟು ನಡೆಯಲಿಲ್ಲ. ಮರಾಠಿಯವರ ಮೆರವಣಿಗೆಗೂ ಕನ್ನಡದವರ ಮೆರವಣಿಗೆಗೂ ಅದೇ ಹನ್ನೆರಡು ಪೇಟಾ ಅದೇ ಟ್ರಂಕಿನಲ್ಲಿ ಹೋಗಿ ಬಂದವು. ಎರಡೂ ಸಲ ಮೂಸಿ ನೋಡಿ ಕಾಕಾ ಹೇಳಿದ್ದು ಒಂದೇ ಮಾತು: “ಎರಡೂ ಕಡೆಯವರು ಚಲೋ ಪಾತ್ರಾ ಮಾಡ್ಯಾರ. ಒಗೀಬೇಕು.”

ನಾನು ಅದೇ ಊರಿನಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ಪರಕಾರ, ಎಂದರೆ ಸೀರೆಯ ಒಳಲಂಗ, ಹೊಲಿಯುವವಳು. ಅಪ್ಪ ರಾಯಬಾಗದ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದು ಇಲ್ಲಿಯೇ ನಿಂತರು. ನಮ್ಮದು ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಮದುವೆಗೆ ಮುಂಚೆ ಹತ್ತಿದ ನಾಟಕದ ಹುಚ್ಚು ಮದುವೆಯಾದ ಮೇಲೂ ಇಳಿಯಲಿಲ್ಲ. ಆರು ವರ್ಷ ಮರಾಠಿ ನಾಟಕಗಳಲ್ಲಿ ತಾಯಿ, ಅತ್ತೆ, ನೆರೆಮನೆಯವಳು, ಶವದ ಹತ್ತಿರ ಕೂತು ಅಳುವವಳು ಎಲ್ಲ ಆದೆ. ಆರೂ ವರ್ಷ ನನ್ನ ಸೀರೆ ಕಾಕಾರ ಮೂಗಿನಿಂದ ಒಣಗಿಯೇ ಇಳಿಯಿತು. “ಹಂಗ ಮಡಚಿಡ್ರಿ.” ಒಂದು ಸಲ ಹೊಟ್ಟೆಕಿಚ್ಚಿಗೆ ಸೀರೆಯ ಮೇಲೆ ನೀರು ಚಿಮುಕಿಸಿ ಒಯ್ದೆ. ಕಾಕಾ ಮೂಸಿ, “ಇದು ನಳದ್ದು,” ಅಂದರು.

ಮನೆಯಲ್ಲಿ ಗಂಡ ಒಳ್ಳೆಯವನೇ, ಬೈಯುತ್ತಿರಲಿಲ್ಲ. ಆದರೆ ನಾನು ತಾಲೀಮಿನಿಂದ ಬಂದಾಗಲೆಲ್ಲ ತಣ್ಣಗಿನ ಅನ್ನ ಬಡಿಸಿಕೊಳ್ಳುತ್ತ, “ಇದರಾಗ ನಿನಗ ಏನ ಸಿಗತೈತಿ?” ಎಂದು ಕೇಳುತ್ತಿದ್ದ. ಹಾಗಾಗಿ ಏಳನೆಯ ವರ್ಷ ಕೊಲ್ಹಾಪುರದ ಸ್ಪರ್ಧೆಗೆ ಹೋಗುವ ಮುನ್ನ ಒಂದು ನಿರ್ಧಾರ ಮಾಡಿದೆ. ಈ ಸಲವೂ ನನ್ನ ಬಟ್ಟೆ ಒಣಗಿ ಬಂದರೆ ನಾಟಕ ಬಿಡುವುದು. ಬಹುಮಾನ ಬಂದರೂ ಬಿಡುವುದು. ಇದನ್ನು ಯಾರಿಗೂ ಹೇಳಲಿಲ್ಲ.

ಆ ಸಲದ್ದು ಪ್ರಾಯೋಗಿಕ ನಾಟಕ. ಎಂಟು ಜನ, ಎಂಟು ಖಾಲಿ ಪೆಟ್ಟಿಗೆ, ಎಲ್ಲರಿಗೂ ಕರೀ ಬಟ್ಟೆ. ಪಾತ್ರಗಳಿಗೆ ಹೆಸರಿಲ್ಲ, ನಾನು ‘ಸ್ತ್ರೀ ಎರಡು’. ಒಂದೂವರೆ ಗಂಟೆ ಪೆಟ್ಟಿಗೆಯ ಮೇಲೆ ಕೂತು ಶೂನ್ಯವನ್ನು ನೋಡಿ, ಕೊನೆಗೆ ಎದ್ದು “ಮೀ ಕೋಣ?” ಎಂದು ಕೇಳಬೇಕು. ನಾನು ಯಾರು ಎಂದು. ನಿರ್ದೇಶಕರು ಕೊಲ್ಹಾಪುರದವರು, ಗಡ್ಡದವರು. ಆ ಎರಡು ಶಬ್ದವನ್ನು ಪಿಸುದನಿಯಲ್ಲಿ ಹೇಳಬೇಕೆಂದು ಅವರು ಎರಡು ತಿಂಗಳು ತಾಲೀಮು ಮಾಡಿಸಿದ್ದರು. ಬಟ್ಟೆಗೆ ನಾನೇ ಕಾಕಾರಿಗೆ ಫೋನು ಹಚ್ಚಿದೆ. “ಕಾಕಾ, ಕೊಲ್ಹಾಪುರಕ್ಕ ಎಂಟ ಕರೀ ಅಂಗಿ, ಎಂಟ ಕರೀ ಪೈಜಾಮಾ ಕಳಸ್ರಿ.”

ಅವರ ಟ್ರಂಕುಗಳೆಲ್ಲ ಒಂದೇ ನಮೂನೆಯ ಕರೀ ತಗಡಿನವು. ಎಸ್ಟಿ ಬಸ್ಸಿನ ಟಪ್ಪಿನ ಮೇಲೆ ಹೆಸರಿನ ಚೀಟಿ ಗಾಳಿಗೆ ಹಾರಿಹೋಗುತ್ತದೆಂದು ಕಾಕಾ ಹಿಡಿಕೆಗೆ ದಾರ ಕಟ್ಟುತ್ತಿದ್ದರು. ಮರಾಠಿ ನಾಟಕಕ್ಕೆ ಕೆಂಪು, ಕನ್ನಡ ಆಟಕ್ಕೆ ಬಿಳಿ. ಇಷ್ಟು ವರ್ಷ ಈ ಪದ್ಧತಿಯಲ್ಲಿ ಒಂದು ಟೊಪ್ಪಿಗೆಯೂ ದಾರಿ ತಪ್ಪಿರಲಿಲ್ಲ.

ಸ್ಪರ್ಧೆಯ ದಿನ ಗ್ರೀನ್ ರೂಮಿನಲ್ಲಿ ಟ್ರಂಕು ತೆಗೆದೆವು. ಮೊದಲು ಒಂದು ಕಿರೀಟ ಬಂತು. ಅದರ ಕೆಳಗೆ ಭುಜಕೀರ್ತಿ, ಗದೆ, ಒಂದು ಮೊಳದ ಮೀಸೆ. ಎಲ್ಲಕ್ಕಿಂತ ಕೆಳಗೆ, ಕನ್ನಡಿ ಚೂರು ಹೊಲಿದ, ಒಳಗೆ ಹತ್ತಿ ತುಂಬಿದ ಕೆಂಪು ಮಖಮಲ್ಲಿನ ರಾಕ್ಷಸನ ಕೋಟು. ನಿರ್ದೇಶಕರು “ಹೇ ಕಾಯ ಆಹೇ?” ಎಂದು ಮೂರು ಸಲ ಕೇಳಿದರು. ಇದೇನಿದು ಎಂಬ ಪ್ರಶ್ನೆಯೇ ಅವರ ನಾಟಕದ ವಸ್ತುವೂ ಆಗಿತ್ತು, ಆದರೆ ಮನಸ್ಸಿಟ್ಟು ಕೇಳಿದ್ದು ಅವತ್ತೇ ಮೊದಲು. ಕಾಕಾರಿಗೆ ಫೋನು ಹಚ್ಚಿದರೆ ಎತ್ತಲಿಲ್ಲ. ಹೊತ್ತಿಗೆ ಸರಿಯಾಗಿ ಪರದೆ ಏಳದಿದ್ದರೆ ಸ್ಪರ್ಧೆಯಿಂದ ಹೊರಗೆ. ಮೈಮೇಲಿದ್ದ ಬಟ್ಟೆಯಲ್ಲಿ ಇಳಿಯೋಣವೆಂದರೆ, ಪಾತ್ರವನ್ನೂ ಮಾಡುತ್ತಿದ್ದ ನಿರ್ದೇಶಕರ ಟೀ ಶರ್ಟಿನ ಮೇಲೆ ಒಂದು ಗಿಳಿ ಇತ್ತು. ಕೊನೆಗೆ ಟ್ರಂಕಿನಲ್ಲಿದ್ದದ್ದನ್ನೇ ಹಂಚಿಕೊಂಡೆವು. ಉಳಿದ ಏಳೂ ಮಂದಿ ಕಡ್ಡಿಯಂಥವರು, ಆ ಕೋಟು ಅವರ ಹೆಗಲ ಮೇಲೆ ನಿಲ್ಲಲಿಲ್ಲ. ಅದು ನನ್ನ ಪಾಲಿಗೆ ಬಂತು.

ಆ ಕೋಟು ತೊಟ್ಟು ಶೂನ್ಯವನ್ನು ನೋಡಲು ಆಗುವುದಿಲ್ಲ. ಅದು ಬೆನ್ನನ್ನು ನೆಟ್ಟಗೆ ಮಾಡುತ್ತದೆ, ತೋಳನ್ನು ಅಗಲಿಸುತ್ತದೆ. ಹತ್ತು ನಿಮಿಷಕ್ಕೆ ಕೊರಳಿನಿಂದ ಬೆನ್ನಿಗೆ ಬೆವರು ಇಳಿಯಿತು. ಮುಂದಿನ ಸಾಲಿನವರು ಮುಸಿಮುಸಿ ನಗುತ್ತಿದ್ದರು. ಸೆಕೆ, ನಾಚಿಕೆ, ಸಿಟ್ಟು ಮೂರೂ ಸೇರಿ ಕಣ್ಣಿಗೆ ಕತ್ತಲೆ ಬಂತು. ನಮ್ಮಜ್ಜಿಯ ಊರಿನಲ್ಲಿ ಸಣ್ಣವಳಿದ್ದಾಗ ನೋಡಿದ ದೊಡ್ಡಾಟ ನೆನಪಾಯಿತು. ರಾಕ್ಷಸ ಬರುವಾಗ ಹಲಗೆ ಹೇಗೆ ನಡುಗುತ್ತಿತ್ತು ಎಂಬುದು ನೆನಪಾಯಿತು. ನಾನು ಪೆಟ್ಟಿಗೆಯಿಂದ ಎದ್ದೆ. ಇನ್ನೂ ಏಳುವ ಹೊತ್ತಾಗಿರಲಿಲ್ಲ. ಕಾಲು ಅಪ್ಪಳಿಸಿ ಮೂರು ಸುತ್ತು ಹಾಕಿದೆ. ಪಿಸುದನಿಯಲ್ಲಿ ಹೇಳಬೇಕಾದ “ಮೀ ಕೋಣ?” ಎಂಬ ಮಾತು ಹೊಕ್ಕಳಿನಿಂದ ಎದ್ದು ಬಂತು. ಪುರುಷ ಮೂರು ಆಗಿದ್ದವನು ಹೆದರಿ ತನ್ನ ಪೆಟ್ಟಿಗೆಯಿಂದ ಬಿದ್ದ. ನಗು ನಿಂತಿತು. ಆಮೇಲೆ ಉಳಿದ ಹೊತ್ತು ಯಾರೂ ನಗಲಿಲ್ಲ.

ಬಹುಮಾನ ಬರಲಿಲ್ಲ. ವೇಷಭೂಷಣದಲ್ಲಿ ಗೊಂದಲವಿದೆ ಎಂದು ಪರೀಕ್ಷಕರು ಬರೆದರು. ನಿರ್ದೇಶಕರು ನನ್ನೊಂದಿಗೆ ಎರಡು ವರ್ಷ ಮಾತು ಬಿಟ್ಟರು.

ಮರುದಿನ ಮಧ್ಯಾಹ್ನ ಟ್ರಂಕು ಹೊರಿಸಿಕೊಂಡು, ಜಗಳಕ್ಕೆ ಸಿದ್ಧಳಾಗಿ ಅಂಗಡಿಗೆ ಹೋದೆ. ನನಗಿಂತ ಮುಂಚೆ ಅಲ್ಲೊಬ್ಬರು ಜಗಳಕ್ಕೆ ಬಂದು ಕೂತಿದ್ದರು. ಹೆಗಲಿಗೆ ಕಂಬಳಿ, ಆಳೆತ್ತರ. ಹಲಕರ್ಣಿಯಲ್ಲಿ ಕುರಿ ಸಾಕುವ ಮನೆಯವರು, ದೊಡ್ಡಾಟದಲ್ಲಿ ರಾಕ್ಷಸ. ನಮ್ಮ ಕರೀ ಬಟ್ಟೆಯ ಟ್ರಂಕು ಅವರ ಊರಿಗೆ ಹೋಗಿತ್ತು. ಕಾಕಾ ನಮ್ಮಿಬ್ಬರ ನಡುವೆ ಟ್ರಂಕಿನ ಮೇಲೆ ಕೂತು, ತಪ್ಪು ಎಲ್ಲಿ ಆಯಿತೆಂದು ಹುಡುಕುತ್ತಿದ್ದರು.

“ತಂಗಿ, ನೀ ಫೋನಿನ್ಯಾಗ ಕನ್ನಡ ಮಾತಾಡಿದಿ. ನಾ ನಿನ್ನ ಟ್ರಂಕಿಗೆ ಬಿಳೀ ದಾರ ಕಟ್ಟಿದೆ. ಇವರ ಅಳಿಯಾ ಗಡಹಿಂಗ್ಲಜದಿಂದ ಮರಾಠಿ ಮಾತಾಡಿದಾ. ಇವರದಕ್ಕ ಕೆಂಪ ಕಟ್ಟಿದೆ. ಕಳಸೂ ಮುಂದ ಕೊಲ್ಹಾಪುರದ್ದು ಮರಾಠಿ ನಾಟಕಾ ಅಲ್ಲಾ, ಕೆಂಪ ದಾರ ನೋಡಿ ಏರಸಿದೆ. ಮರಾಠಿ ನಾಟಕಾ ಮಾಡಾಕಿ ನೀ ಮರಾಠಿಯೊಳಗ ಹೇಳಬೇಕಿಲ್ಲೋ?”

“ನಿಮ್ಮ ಜೋಡಿ ನಾ ಎಂದರ ಮರಾಠಿ ಮಾತಾಡೇನೇನ್ರಿ ಕಾಕಾ?”

ಕಾಕಾ ಒಂದು ಚಿಟಿಕೆ ತಪಕೀರು ಏರಿಸಿ, “ಅದೂ ಖರೆ,” ಅಂದರು. ಅಲ್ಲಿಗೆ ನನ್ನ ಜಗಳ ಮುಗಿಯಿತು.

ರಾಕ್ಷಸ ಮಾತ್ರ ಬಿಡಲಿಲ್ಲ. “ನನ್ನ ಗತಿ ಕೇಳ್ರಿ ಅಕ್ಕಾರ. ಪೈಜಾಮಾ ಹಾಕ್ಕೊಂಡ ಕುಣಕೋತ ಬಂದೆ. ಆಟಾ ನಡಸೂ ಸಾರಥಿ ಕೇಳಿದಾ, ಯಾರಪಾ ನೀನು ಅಂತ. ಮೂರ ಲೋಕಾ ನಡಗಸೂ ರಾಕ್ಷಸ ನಾನು ಅಂದೆ. ಅಂವ ಮ್ಯಾಲಿಂದ ಕೆಳಗ ನೋಡಿ, ಬ್ಯಾಂಡಿನವರು ಆ ಕಡೆ ಕುಂತಾರ ಹೋಗು ಅಂದಾ. ಕಿರೀಟ ಎಲ್ಲಿ ಐತಿ ಅಂದಾ. ಕೊಲ್ಹಾಪುರಕ್ಕ ಹೋಗೇತಿ ಅಂದೆ. ಊರ ಮಂದಿ ಬಿದ್ದ ಬಿದ್ದ ನಕ್ಕರು.”

“ಆಮ್ಯಾಲ?” ಎಂದೆ.

“ನಗೂ ಮಂದಿ ರಾಕ್ಷಸಗ ಅಂಜತಾರೇನ್ರಿ? ಕೋಟ ಇದ್ದಿದ್ರ ಅದ ಅಂಜಸತಿತ್ತು. ಇಲ್ಲಲ್ಲಾ, ಅದಕ್ಕ ನಾನ ಅಂಜಸಬೇಕಾತು. ಗಂಟಲ ಹರಕೊಂಡೆ. ನೋಡ್ರಿ, ದನಿ ಬಿದ್ದೈತಿ.”

ಅವರು ಆಟದಲ್ಲಿ ತೊಟ್ಟಿದ್ದ ಕರೀ ಅಂಗಿಯನ್ನು ಕಾಕು ಆಗಲೇ ಗಂಟಿನಿಂದ ಬಿಚ್ಚಿ ಕಾಕಾರ ಬಲಕ್ಕೆ ಇಟ್ಟಿದ್ದರು. ಅದರ ಕಂಕುಳು ಹರಿದು, ಬೆನ್ನ ಮೇಲೆ ಉಪ್ಪಿನ ಗೆರೆಗಳು ಕೂತಿದ್ದವು. ಕಾಕಾ ಮೂಗು ಹಚ್ಚಿ, “ಒಗೀಬೇಕು,” ಅಂದರು. ಆ ಅಂಗಡಿಯ ಇತಿಹಾಸದಲ್ಲಿ ಪ್ರಾಯೋಗಿಕ ನಾಟಕದ ಅಂಗಿಯೊಂದು ಬಕೆಟ್ಟು ಕಂಡದ್ದು ಅದೇ ಮೊದಲು.

ಆಮೇಲೆ ನಾನು ತಂದ ಟ್ರಂಕು ತೆಗೆದು ಕೋಟನ್ನು ಎತ್ತಿದರು. ಎರಡೂ ಕೈಯಲ್ಲಿ ಹಿಡಿದು ಒಮ್ಮೆ ತೂಗಿ ನೋಡಿದರು. ಕೊರಳಿಗೆ ಮೂಗು ಹಚ್ಚಿ ಕಣ್ಣು ಮುಚ್ಚಿದರು. ಯಾವ ಬಟ್ಟೆಗೂ ಅವರು ಇಷ್ಟು ಹೊತ್ತು ಕಣ್ಣು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ನಾಟಕ ಬಿಡುವ ಮಾತನ್ನು ಮನಸ್ಸಿನಲ್ಲಿ ಹಿಡಿದುಕೊಂಡು ನಿಂತಿದ್ದೆ.

“ಯಾರ ಹಾಕ್ಕೊಂಡಿದ್ರು ಇದನ್ನ?”

“ನಾನ್ರಿ.”

“ಒಗೀಬೇಕು,” ಅಂದರು.

ನನಗಾದ ಸಂತೋಷವನ್ನು ಮುಚ್ಚಿಟ್ಟು ಹೇಳುವುದೇನಿದೆ? ಆ ದಿನ ರಿಕ್ಷಾ ಹತ್ತದೆ ಮನೆಯವರೆಗೆ ನಡೆದೇ ಹೋದೆ. ಇದರಲ್ಲಿ ಏನು ಸಿಗುತ್ತದೆ ಎಂದು ಗಂಡ ಕೇಳಿದಾಗ, “ಬೆವರ ಸಿಗತೈತಿ,” ಅಂದೆ. ಅವನಿಗೆ ತಿಳಿಯಲಿಲ್ಲ. ಆದರೆ ಅವತ್ತಿನಿಂದ ಅನ್ನ ತಾನೇ ಬಿಸಿ ಮಾಡಿಕೊಳ್ಳಲು ಕಲಿತ.

ಇದೆಲ್ಲ ಆಗಿ ಹದಿನೈದು ವರ್ಷ ಮೇಲಾಯಿತು. ನಾಟಕ ಬಿಡಲಿಲ್ಲ. ಈಗ ಮಂಡಿ ನೋವು, ಹಾಗಾಗಿ ಸೋಫಾ ನಾಟಕಗಳ ಅತ್ತೆ ಆಗಿದ್ದೇನೆ, ಮೂರೂ ಅಂಕ ಚಹಾ ಕುಡಿಯುತ್ತೇನೆ. ಹೋದ ವಾರದ ನಾಟಕದ ಸೀರೆಯನ್ನು ವಾಪಸ್ ಕೊಡುವ ಮುನ್ನವೇ ಕಾಕಾ ಹೋಗಿಬಿಟ್ಟರು. ಟ್ರಂಕಿನ ಮೇಲೆ ಕೂತವರು ಕೂತಲ್ಲೇ ಪಕ್ಕಕ್ಕೆ ಒರಗಿದರಂತೆ.

ನಾಲ್ಕನೆಯ ದಿನ ಮಾತಾಡಿಸಿಕೊಂಡು ಬರಲು ಹೋದೆ. ಸೀರೆಯ ಗಂಟನ್ನೂ ಒಯ್ದೆ, ಅದನ್ನು ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. ಹಲಕರ್ಣಿಯ ರಾಕ್ಷಸ ಆಗಲೇ ಬಂದು ಗೋಡೆಗೊರಗಿ ಕೂತಿದ್ದರು. ಕಾಕು ಟ್ರಂಕುಗಳ ನಡುವೆ ಚಾಪೆ ಹಾಸಿಕೊಂಡಿದ್ದರು. ಅವರ ಎದುರು ಕೂತು, “ಇನ್ನ ನಮಗ ಯಾರ ಹೇಳವರ ಕಾಕು, ನಾಟಕಾ ಆತೋ ಇಲ್ಲೋ ಅಂತ? ಅಂಥಾ ಮೂಗ ಎಲ್ಲಿ ಸಿಗಬೇಕು?” ಅಂದೆ.

ಕಾಕು ಚಾಪೆಯ ಮೇಲಿಂದ ನನ್ನತ್ತ ತಿರುಗಿದರು.

“ಯಾವ ಮೂಗು? ತಪಕೀರ ಏರಿಸಿ ಏರಿಸಿ ಅವರ ಮೂಗ ಸತ್ತ ಮೂವತ್ತ ವರ್ಸಾತು. ಒಲಿ ಮ್ಯಾಲ ಹಾಲ ಹೊತ್ತಿದ್ರೂ ತಿಳೀತಿರಲಿಲ್ಲ. ಗಂಟ ಬಿಚ್ಚತಿದ್ದಾಕಿ ನಾನು. ಒಗಿಯೂ ಅರಬಿ ಬಲಕ ಇಡತಿದ್ದೆ, ಮಡಚೂದು ಎಡಕ ಇಡತಿದ್ದೆ. ಅವರು ಕಣ್ಣ ಮುಚ್ಚಿ ನಾಟಕಾ ಮಾಡ್ತಿದ್ರು. ಮೊಲದ ವೇಷಾ ನೆನಪಿಲ್ಲೇನ ನಿನಗ?”

ರಾಕ್ಷಸ ಬಾಯಿಗೆ ಕಂಬಳಿ ಒತ್ತಿಕೊಂಡು ಕುಲುಕತೊಡಗಿದರು. ನನಗೆ ನಗು ಬರಲಿಲ್ಲ. ನಾನು ಹದಿನೈದು ವರ್ಷ ನಾಟಕದಲ್ಲಿ ನಿಂತದ್ದು ಆ ಮೂಗಿನ ಒಂದು ಮಾತಿನ ಮೇಲೆ. ಅವತ್ತು ಕೋಟನ್ನು ಟ್ರಂಕಿನಿಂದ ಎತ್ತಿದ್ದು ಕಾಕಾ, ಕಾಕು ಅದನ್ನು ಮುಟ್ಟಿರಲೇ ಇಲ್ಲ.

“ಹಂಗಾರ ಆ ಕೆಂಪ ಕೋಟು?” ಎಂದು ಕೇಳಿದೆ.

“ರಾಕ್ಷಸಂದೇನು? ಅದಕ್ಕ ಮೂಗ ಯಾಕ ಬೇಕ ತಂಗಿ? ಎತ್ತಿದ್ರ ಏಳತಿರಲಿಲ್ಲ, ಹಂಗ ತೊಯ್ದಿತ್ತು. ಒಗದ ಮ್ಯಾಲ ಎರಡ ದಿನಾ ನನ್ನ ರಟ್ಟಿ ಬಿದ್ದಿದ್ವು. ಅದೊಂದ ಅರಬಿ ಅವರು ತಾವ ಸ್ವತಃ ಹೇಳಿದ್ದು. ಸಾಯೂತನಕಾ ಅದನ್ನ ಹೇಳಕೋತ ಜಂಬಾ ಬಡದರು.”

ಹೇಳುತ್ತ ಕಾಕು ನನ್ನ ಗಂಟನ್ನು ಎಳೆದುಕೊಂಡರು. ಅಭ್ಯಾಸದ ಕೈ, ತಾನಾಗಿಯೇ ಬಿಚ್ಚಿತು. ಸೀರೆಯನ್ನು ಬಿಡಿಸಿ ಮೂಗಿಗೆ ಹಿಡಿದರು. ಕಣ್ಣು ಮುಚ್ಚಲಿಲ್ಲ. ರಾಕ್ಷಸ ನಗುವುದನ್ನು ನಿಲ್ಲಿಸಿ ಕತ್ತು ಚಾಚಿದರು. ಐವತ್ತು ದಾಟಿದ ನಾನು ಆ ಚಾಪೆಯ ಮೇಲೆ ಮತ್ತೆ ಪರೀಕ್ಷೆಗೆ ಕೂತವಳಾದೆ. ಗಂಡ ಸತ್ತು ನಾಲ್ಕು ದಿನವಾಗಿದೆ, ಮನೆಗೆ ಬಂದವಳ ಮನಸ್ಸು ನೋಯಿಸಬಾರದೆಂದು ಕಾಕು ಒಂದು ಸುಳ್ಳು ಹೇಳಬಹುದು ಎಂದೂ ಅನಿಸಿತು.

“ಹಂಗ ಮಡಚಿಡು,” ಅಂದರು ಕಾಕು.

ಮಡಚತೊಡಗಿದೆ. ಎರಡನೆಯ ಮಡಿಕೆಗೆ ಬರುವಷ್ಟರಲ್ಲಿ ಕಾಕಾ ಟ್ರಂಕಿನ ಮೇಲೆ ಕೂತು ಕಣ್ಣು ಮುಚ್ಚಿದ್ದು ಕಂಡಂತಾಗಿ, ನಾಲ್ಕು ದಿನದಿಂದ ಬಾರದ ಅಳು ಒಮ್ಮೆಲೇ ಬಂತು. ಸೀರೆಯನ್ನು ಮುಖಕ್ಕೆ ಒತ್ತಿಕೊಂಡೆ. ಕಾಕು ಮೆಲ್ಲಗೆ ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡು, ತೊಯ್ದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, ತಮ್ಮ ಬಲಗಡೆಗೆ ಇಟ್ಟುಕೊಂಡರು.

“ಈಗ ಒಗೀಬೇಕು,” ಅಂದರು.